ಅಪ್‌ಡೇಟ್: ಆ ಯತಗಾನ್ ಕತ್ತಿಯ ಮೇಲೆ ಏನು ಬರೆದಿತ್ತು ಗೊತ್ತಾಯ್ತು

ಹೋದ ತಿಂಗಳು ಕೇಳಿದ್ದೆನಲ್ಲ, ಜರ್ಮನಿಯ ಹಳೆ ಸಾಮಾನಿನ ಸಂತೆಯಲ್ಲಿ ಕೊಂಡ ಆಟೊಮನ್ (ಹಳೆಯ ತುರ್ಕಿ ಸಾಮ್ರಾಜ್ಯ) ಕಾಲದ ಯತಗಾನ್, ಅಂದರೆ ಸ್ವಲ್ಪ ಬಾಗಿದ ಅಲಗಿನ ಗಿಡ್ಡ ಕತ್ತಿ, ಅದರ ಅಲಗಿನ ಬರಹ ಯಾರಾದರೂ ಓದುತ್ತೀರಾ ಅಂತ? ಓದಿ ಆಯ್ತು.

ಮಾರಿದವನು "ಸುಲ್ತಾನನ ಕತ್ತಿ" ಅಂದಿದ್ದ. ಸುಮ್ನೆ ಬೊಗಳೆ. ಅರಬ್ಬಿ ಲಿಪಿ ಇದ್ದರೂ ಭಾಷೆ ಪೂರ್ತಿ ಅರಬ್ಬಿ ಅಲ್ಲ. ಒಂದು ಬದಿ ಕುರಾನಿನ ಸಾಲು: "ಅಲ್ಲಾಹನಿಂದ ನೆರವು, ಹತ್ತಿರದಲ್ಲೇ ಗೆಲುವು." ಇಂಥ ಕತ್ತಿಗಳ ಮೇಲೆ ಇದು ಬಹಳ ಸಾಮಾನ್ಯವಂತೆ. ಇನ್ನೊಂದು ಬದಿ ಆಟೊಮನ್ ತುರ್ಕಿ. ಅಲ್ಲಿ "ಸಾಹಿಬ್" ಅಂತಿದೆ. ನಾನು ಸಾಹೇಬರ ಕತ್ತಿ ಅಂದುಕೊಂಡೆ! ಇಲ್ಲಿ ಅದರರ್ಥ ಒಡೆಯ, ಅಷ್ಟೇ. ಮುಂದೆ ಅವನ ಹೆಸರು ಇದ್ದ ಜಾಗ ಸವೆದುಹೋಗಿದೆ.

ಇಸವಿಯಲ್ಲೇ ಜಾಸ್ತಿ ಒದ್ದಾಡಿದ್ದು. ಅಕ್ಷರ ಬಲದಿಂದ ಎಡಕ್ಕೆ, ಅಂಕಿ ಮಾತ್ರ ಎಡದಿಂದ ಬಲಕ್ಕೆ. ಆ ಲಿಪಿಯ 2 ಮತ್ತು 3ಕ್ಕೆ ಒಂದು ಪುಟ್ಟ ಕೊಂಡಿಯ ವ್ಯತ್ಯಾಸ. ಟಾರ್ಚ್ ಓರೆಯಾಗಿ ಹಿಡಿದು ಹೊಸ ಫೋಟೊ ತೆಗೆದ ಮೇಲೆ 1227 ಅಂತ ಖಾತ್ರಿಯಾಯ್ತು. ಇದು ಹಿಜರಿ, ಅಂದರೆ ಕ್ರಿ.ಶ. 622ರಿಂದ ಎಣಿಸುವ ಇಸ್ಲಾಮಿ ವರ್ಷ. ಅದು ಚಂದ್ರಮಾನದ್ದು, ಸುಮಾರು 354 ದಿನ, ನಮ್ಮ 365ಕ್ಕಿಂತ ಚಿಕ್ಕದು. ಹಾಗಾಗಿ 622 ಕೂಡಿಸಿದರೆ ಸಾಲದು. ಮೊದಲು 0.97ರಿಂದ ಗುಣಿಸಬೇಕು. ಬಂದದ್ದು ಕ್ರಿ.ಶ. 1812.

ಒಂದು ತಪ್ಪೊಪ್ಪಿಗೆ. ಅಮ್ಮ ಹಿತ್ತಾಳೆ ಪಾತ್ರೆ ತೊಳೆಯುವ ಹಾಗೆ ಅಲಗಿಗೆ ಹುಣಸೆಹಣ್ಣು ಹಚ್ಚಿ ಉಜ್ಜಲು ಶುರುಮಾಡಿದ್ದೆ. ನಿಮ್ಮಲ್ಲೊಬ್ಬರು ಬೈದರು, ನಿಲ್ಲಿಸಿದೆ. ಆದರೂ ಒಂದು ಅಕ್ಷರದ ಬಾಲಕ್ಕೆ ಕೂರಿಸಿದ್ದ ಬೆಳ್ಳಿ ಎಳೆ ಕಿತ್ತುಬಂದಿದೆ. ಆ ಎಳೆಯನ್ನು ಪೊಟ್ಟಣ ಕಟ್ಟಿ ಇಟ್ಟಿದ್ದೇನೆ.