ಚೀಟಿ ಎತ್ತಿದರೆ ಸಾಲದಾ ಟೀಚರ್?

ಪ್ರಶ್ನೆ: ಕೇರಳದ ಮಂಜೇಶ್ವರದ ಕನ್ನಡ ಟೀಚರ್
ಸೋಮವಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಪ್ರಾಚೀನ ಗ್ರೀಸಿನ ಅಥೆನ್ಸ್ ಪಟ್ಟಣದ ಬಗ್ಗೆ ಹೇಳುತ್ತಿದ್ದೆ. ಅಲ್ಲಿಯ 500 ಜನರ ಮಂಡಳಿಗೆ ಮತ ಹಾಕುವುದಿರಲಿಲ್ಲ, ಚೀಟಿ ಎತ್ತಿದ ಹಾಗೆ ಹೆಸರು ತೆಗೆಯುತ್ತಿದ್ದರು ಎಂದೆ. ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. "ಈಗಲೂ ಹಾಗೇ ಮಾಡಿದರೆ ಸಾಲದಾ ಟೀಚರ್? ದುಡ್ಡಿಲ್ಲದವರಿಗೂ ಸಿಗ್ತದಲ್ಲ." ನಾಳೆ ಹೇಳುತ್ತೇನೆ ಅಂದು ಎರಡು ದಿನ ಆಯಿತು. ಅವಳಿಗೆ ಏನು ಹೇಳಲಿ?

ಉತ್ತರ: ನಿವೃತ್ತ ಪಂಚಾಯತ್ ಗುಮಾಸ್ತ
ಟೀಚರೇ, ಚೀಟಿ ನಮ್ಮಲ್ಲಿ ಈಗಲೂ ಉಂಟು. ಯಾವ ವಾರ್ಡ್ ಹೆಂಗಸರಿಗೆ ಮೀಸಲು ಎಂಬುದಕ್ಕೆ ಚೀಟಿ ಎತ್ತುತ್ತಾರೆ. ಪಂಚಾಯತ್ ಅಧ್ಯಕ್ಷರ ಆಯ್ಕೆಯಲ್ಲಿ ಮತ ಸಮವಾದರೂ ಅದೇ ದಾರಿ. 2016ರಲ್ಲಿ ನಮ್ಮ ಮಂಜೇಶ್ವರದ ಎಂಎಲ್‌ಎ ಗೆದ್ದದ್ದು ಬರೀ 89 ಮತದ ಅಂತರದಲ್ಲಿ. ಆ 89 ಸೊನ್ನೆ ಆಗಿದ್ದರೆ ಅಲ್ಲಿಯೂ ಚೀಟಿಯೇ, 1951ರ ಜನಪ್ರತಿನಿಧಿ ಕಾಯ್ದೆಯಲ್ಲೇ ಹಾಗೆ ಬರೆದಿದೆ. ಆದರೆ ಅಥೆನ್ಸಿನವರು ಹತ್ತು ಮಂದಿ ಸೇನಾಪತಿಗಳನ್ನು ಮಾತ್ರ ಕೈ ಎತ್ತಿಸಿ ಆರಿಸುತ್ತಿದ್ದರು. ಯುದ್ಧಕ್ಕೆ ಯಾರಾದರೂ ಆಗುವುದಿಲ್ಲವಲ್ಲ.

ಉತ್ತರ: ಕಾಂಚೀಪುರದಲ್ಲಿರುವ ಬದಿಯಡ್ಕದವ
ಇಲ್ಲಿ ಹತ್ತಿರದ ಉತ್ತರಮೇರೂರಿನ ದೇವಸ್ಥಾನದ ಗೋಡೆಯಲ್ಲಿ ಚೋಳ ಪರಾಂತಕನ ಕಾಲದ, ಸುಮಾರು 920ರ ಶಾಸನ ಉಂಟು. ಊರ ಸಭೆಯ ಸಮಿತಿಗಳಿಗೆ ಜನ ಆರಿಸುವ ಕ್ರಮ ಅದರಲ್ಲಿದೆ. 30 ವಾರ್ಡು. ಓಲೆಗರಿಯಲ್ಲಿ ಹೆಸರು ಬರೆದು ಕೊಡಕ್ಕೆ ಹಾಕಿ, ಸಣ್ಣ ಹುಡುಗನಿಂದ ಎತ್ತಿಸುತ್ತಿದ್ದರು. ಲೆಕ್ಕ ಒಪ್ಪಿಸದವನ ಹೆಸರು ಮತ್ತೆ ಕೊಡಕ್ಕೆ ಬೀಳುವುದಿಲ್ಲ, ಅವನ ನೆಂಟರದ್ದೂ ಇಲ್ಲ. ಇದು ನನಗೆ ಬಹಳ ಹಿಡಿಸಿತು. ಆದರೆ ಅದು ಬ್ರಾಹ್ಮಣರ ಸಭೆ. ಸ್ವಂತ ಜಾಗ, ಆ ಜಾಗದಲ್ಲಿ ಮನೆ, ವೇದ ಓದಿರಬೇಕು. ಯಾರು ಎತ್ತಿದರು ಎನ್ನುವುದಕ್ಕಿಂತ ಕೊಡದೊಳಗೆ ಯಾರ ಹೆಸರು ಇತ್ತು ಎಂದು ಮಕ್ಕಳಿಗೆ ಕೇಳಿ ನೋಡಿ.

ಮತ್ತೆ ಟೀಚರ್
ಇವತ್ತು ಕೇಳಿದೆ. ಬಿಸಿಯೂಟದ ಸ್ಟೀಲ್ ಪಾತ್ರೆಯಲ್ಲಿ ಲೀಡರ್ ಆರಿಸುವ ಆಟ. ಅಥೆನ್ಸಿನ ನಿಯಮ, ಹೆಣ್ಣುಮಕ್ಕಳ ಹೆಸರಿಲ್ಲ. ಮೊದಲು ಎದ್ದವಳು ಅದೇ ಹುಡುಗಿ: "ನನ್ನದೆಲ್ಲಿ?" ಉತ್ತರಮೇರೂರಿನ ನಿಯಮ ಆಡಿಸಲಿಲ್ಲ. ಬಾಡಿಗೆ ಮನೆಯ ಮಕ್ಕಳಿದ್ದಾರೆ, ಅವರನ್ನು ಎಲ್ಲರೆದುರು ಬದಿಗೆ ಕೂರಿಸಲು ನನ್ನಿಂದಾಗಲಿಲ್ಲ.

ಆಮೇಲೆ ಅವಳೇ ಮನೆಯ ವಿಷಯ ತೆಗೆದಳು. ವಾರ್ಡಿನ ಗ್ರಾಮಸಭೆಯ ನೋಟೀಸು ಮಲಯಾಳದಲ್ಲಿ ಮಾತ್ರ ಬರುತ್ತದಂತೆ. ಅಜ್ಜಿಗೆ ಕನ್ನಡ ಬಿಟ್ಟರೆ ಬೇರೆ ಓದಲು ಬರುವುದಿಲ್ಲ. ಮತದಾರರ ಪಟ್ಟಿಯಲ್ಲಿ ಹೆಸರುಂಟು, ಆದರೆ ಸಭೆ ಯಾವತ್ತೆಂದು ಅವರಿಗೆ ಗೊತ್ತಾಗುವುದು ಸಭೆ ಮುಗಿದ ಮೇಲೆ. ಕನ್ನಡದಲ್ಲಿಯೂ ನೋಟೀಸು ಹಾಕಿ ಎಂದು ಕ್ಲಾಸಿನವರೆಲ್ಲ ಸೇರಿ ಬರೆದಿದ್ದೇವೆ, ಅಜ್ಜಿ ಸಹಿ ಹಾಕುತ್ತಾರೆ. ಗುಮಾಸ್ತರೇ, ಅರ್ಜಿ ಮೆಂಬರ ಹೆಸರಿಗೆ ಕೊಡುವುದಾ, ಸೆಕ್ರೆಟರಿಯವರಿಗಾ?

ಉತ್ತರ: ನಿವೃತ್ತ ಪಂಚಾಯತ್ ಗುಮಾಸ್ತ
ಸೆಕ್ರೆಟರಿಗೆ ಬರೆಯಿರಿ. ಗ್ರಾಮಸಭೆಯ ಸಂಚಾಲಕರು ಮೆಂಬರೇ, ಅವರಿಗೂ ಒಂದು ಪ್ರತಿ ಕೊಡಿ. ರಶೀದಿ ತೆಗೆದುಕೊಳ್ಳದೆ ಬರಬೇಡಿ.