ಪದಚರ್ಚೆ: ‘ಫೇರ್ ಡೀಲಿಂಗ್’ಗೆ ಕನ್ನಡದಲ್ಲಿ ಏನನ್ನೋದು? ‘ಸದ್ಬಳಕೆ’ ಕೈಕೊಡ್ತು

ಎಲ್ರಿಗೂ ನಮಸ್ಕಾರ,

ನಾನು ಬೆಂಗಳೂರಲ್ಲಿ ಒಂದು ಹೈಸ್ಕೂಲಿನ ಲೈಬ್ರರಿ ನೋಡ್ಕೋತೀನಿ. ಜೆರಾಕ್ಸ್ ಮಷೀನ್ ಪಕ್ಕದ ಗೋಡೆಗೆ ಒಂದು ಬೋರ್ಡ್ ಬೇಕಿತ್ತು, ಟೀಚರ್‌ಗಳು ಏನು ಕಾಪಿ ಮಾಡಿಸ್ಬೋದು ಏನು ಮಾಡಿಸ್ಬಾರ್ದು ಅಂತ, ಅದನ್ನ ಕನ್ನಡದಲ್ಲೇ ಬರೆಯೋಣ ಅಂತ ನಾನೇ ಹಟ ಹಿಡಿದು ಈಗ ಪದ ಸಿಗದೆ ಒದ್ದಾಡ್ತಿದೀನಿ. ಮುಖ್ಯವಾಗಿ ‘ಫೇರ್ ಡೀಲಿಂಗ್’ಗೆ, ಅಂದ್ರೆ ಕಾಪಿರೈಟ್ ಇರೋ ಕೃತೀನ ಕೆಲವು ಉದ್ದೇಶಗಳಿಗೆ ಅನುಮತಿ ಕೇಳದೇನೇ ಒಂದು ಮಿತಿಯೊಳಗೆ ಬಳಸೋಕೆ ಕಾನೂನು ಕೊಡೋ ಅವಕಾಶಕ್ಕೆ.

ಹೋದ ತಿಂಗಳು ‘ಸದ್ಬಳಕೆ’ ಅನ್ನೋ ಪದ ಹಾಕಿ, “ಪಾಠಕ್ಕಾಗಿ ಪುಸ್ತಕಗಳ ಸದ್ಬಳಕೆಗೆ ಕಾನೂನಿನಲ್ಲಿ ಅವಕಾಶವಿದೆ” ಅಂತ ಎ4 ಹಾಳೇಲಿ ಪ್ರಿಂಟ್ ತೆಗೆದು ಅಂಟಿಸಿದ್ದೆ. ಮೂರನೇ ದಿನಕ್ಕೆ ನಮ್ಮ ಸೈನ್ಸ್ ಮೇಷ್ಟ್ರು 180 ಪುಟದ ಗೈಡ್ ಹಿಡ್ಕೊಂಡು ಬಂದು 40 ಕಾಪಿ ಬೇಕು ಅಂದ್ರು. ಇಡೀ ಪುಸ್ತಕನಾ ಸರ್ ಅಂದೆ. “ನೀವೇ ಬರ್ದಿದೀರಲ್ಲ ಮೇಡಂ, ಮಕ್ಳಿಗೆ ಓದೋಕೆ ಕೊಡೋದಕ್ಕಿಂತ ಸದ್ಬಳಕೆ ಇನ್ನೇನಿದೆ?” ಅಂದ್ರು. ಅವ್ರನ್ನ ಬೈಯೋ ಹಾಗೂ ಇಲ್ಲ, ಬರ್ದೋಳು ನಾನೇ. ಸದ್ಬಳಕೆ ಅಂದ್ರೆ ಉದ್ದೇಶ ಒಳ್ಳೇದಿದ್ರೆ ಸಾಕು ಅಂತ್ಲೇ ನಮ್ಮ ಕಿವಿಗೆ ಕೇಳೋದು, ‘ಈ ಅವಕಾಶದ ಸದ್ಬಳಕೆ ಮಾಡಿಕೊಳ್ಳಿ’ ಅಂತ ಸೈಟ್ ಮಾರೋರೂ ಬ್ಯಾನರ್ ಹಾಕ್ತಾರಲ್ಲ. ಎಷ್ಟು ಅನ್ನೋ ಮಾತೇ ಅದರೊಳಗೆ ಇಲ್ಲ.

‘ನ್ಯಾಯಯುತ ಬಳಕೆ’ ಅಂತ ಕೆಲವರು ಬರೀತಾರೆ, ತಪ್ಪಲ್ಲ, ಆದ್ರೆ ಕೋರ್ಟಿನ ವಾಸನೆ ಜಾಸ್ತಿ. ‘ನ್ಯಾಯಯುತ ವ್ಯವಹಾರ’ ಅಂದ್ರಂತೂ ಕಿರಾಣಿ ಅಂಗಡಿ ಬೋರ್ಡು.

ಇನ್ನೊಂದು ಗೊಂದಲ ಏನಂದ್ರೆ, ಪೇಪರ್‌ನೋರು ಫೇರ್ ಯೂಸು ಫೇರ್ ಡೀಲಿಂಗು ಎರಡನ್ನೂ ಒಂದೇ ಅನ್ನೋ ಹಾಗೆ ಬರೀತಾರೆ. ಫೇರ್ ಯೂಸ್ ಅಮೆರಿಕದ್ದು, ಅವರ 1976ರ ಕಾಪಿರೈಟ್ ಕಾಯ್ದೇಲಿರೋದು, ಉದ್ದೇಶ ಏನು, ಕೃತಿ ಎಂಥದ್ದು, ಎಷ್ಟು ಭಾಗ ತಗೊಂಡ್ರು, ಮಾರಾಟಕ್ಕೆ ಎಷ್ಟು ಹೊಡ್ತ ಬಿತ್ತು ಅಂತ ನಾಲ್ಕು ಕಡೆಯಿಂದ ತೂಗಿ ನೋಡ್ತಾರೆ. ನಮ್ಮದು 1957ರ ಕಾಪಿರೈಟ್ ಕಾಯ್ದೆ, 52ನೇ ಸೆಕ್ಷನ್ನು. ಅದರಲ್ಲಿ ಫೇರ್ ಡೀಲಿಂಗ್ ಬರೋದು ಸ್ವಂತ ಓದು, ಸಂಶೋಧನೆ, ವಿಮರ್ಶೆ, ಸುದ್ದಿ ಇಂಥವಕ್ಕೆ. ಪಾಠದ ಸಮಯದಲ್ಲಿ ಟೀಚರೋ ವಿದ್ಯಾರ್ಥಿಯೋ ಕಾಪಿ ಮಾಡೋದು, ಪ್ರಶ್ನೆಪತ್ರಿಕೇಲಿ ಪದ್ಯ ಕೊಡೋದು, ಇವಕ್ಕೆ ಅದೇ ಸೆಕ್ಷನ್ನಲ್ಲಿ ಬೇರೆ ಕಲಮೇ ಇದೆ. ನಾನು ಎರಡನ್ನೂ ಒಂದೇ ಪದದಲ್ಲಿ ತುರುಕೋಕೆ ಹೋಗಿದ್ದೆ, ಅದು ಮೊದಲನೇ ಎಡವಟ್ಟು. ಸ್ಟಾಫ್‌ರೂಮಲ್ಲಿ ‘ಹತ್ತು ಪರ್ಸೆಂಟ್ ತನಕ ಓಕೆ’ ಅಂತ ಒಂದು ಮಾತು ಓಡಾಡುತ್ತೆ, ಅಂಥ ಲೆಕ್ಕ ನಮ್ಮ ಕಾಯ್ದೇಲಿ ಎಲ್ಲೂ ಇಲ್ಲ. ಪುಸ್ತಕಗಳ ಭಾಗಗಳನ್ನ ಕಾಪಿ ಮಾಡಿ ವಿದ್ಯಾರ್ಥಿಗಳಿಗೆ ಕೊಡ್ತಿದ್ದ ದೆಹಲಿ ವಿಶ್ವವಿದ್ಯಾಲಯದ ಜೆರಾಕ್ಸ್ ಅಂಗಡಿ ಮೇಲೆ ಪ್ರಕಾಶಕರು ಹಾಕಿದ್ದ ಕೇಸಿನಲ್ಲಿ 2016ರಲ್ಲಿ ಅಲ್ಲಿನ ಹೈಕೋರ್ಟು ನೋಡಿದ್ದೂ ಎಷ್ಟು ಪರ್ಸೆಂಟ್ ಅಂತಲ್ಲ, ಪಾಠದ ಉದ್ದೇಶಕ್ಕೆ ಅಷ್ಟು ಬೇಕಿತ್ತಾ ಅಂತ.

ಸರಿ, ಹಾಗಾದ್ರೆ ‘ಪಾಠಕ್ಕೆ ಬೇಕಾದಷ್ಟು ಕಾಪಿ ಮಾಡಿಸಬಹುದು’ ಅಂತ ಬರೆಯೋಣ ಅಂತ ಕೂತೆ. ಬರೆದ್ಮೇಲೆ ನಗು ಬಂತು. ‘ಬೇಕಾದಷ್ಟು’ ಅಂದ್ರೆ ಅಗತ್ಯ ಇರೋವಷ್ಟು ಅಂತ್ಲೂ ಹೌದು, ‘ಅವ್ರ ಹತ್ರ ದುಡ್ಡು ಬೇಕಾದಷ್ಟಿದೆ’ ಅಂತೀವಲ್ಲ, ಹಾಗೆ ಧಾರಾಳ ಅಂತ್ಲೂ ಹೌದು. ಸೈನ್ಸ್ ಮೇಷ್ಟ್ರು ಯಾವ ಅರ್ಥ ಹಿಡೀತಾರೆ ಅಂತ ಬೇರೆ ಹೇಳ್ಬೇಕಾ. ‘ಅಗತ್ಯವಿರುವಷ್ಟು ಮಾತ್ರ’ ಅಂದ್ರೆ ಉಳಿಯುತ್ತೆ ಅನ್ಸುತ್ತೆ, ಆ ‘ಮಾತ್ರ’ ಇಲ್ದಿದ್ರೆ ಸೋರಿಹೋಗುತ್ತೆ.

ಫೇರ್ ಡೀಲಿಂಗ್‌ಗೆ ನನ್ನ ತಲೇಲಿರೋದು ‘ಹಿತಮಿತ ಬಳಕೆ’. ಉದ್ದೇಶಾನೂ ಇದೆ, ಅಳತೇನೂ ಇದೆ, ಅಜ್ಜಿಗೂ ಗೊತ್ತಿರೋ ಮಾತು. ಪಿಟಿ ಸರ್ ಕೇಳಿ “ಊಟದ ವಿಷಯ ಅನ್ಸುತ್ತೆ ಮೇಡಂ, ಶುಗರ್ ಇರೋರಿಗೆ ಡಾಕ್ಟ್ರು ಹೇಳೋ ಹಾಗೆ” ಅಂದ್ರು. ನಂಗೇನೋ ಅದು ಪ್ಲಸ್ ಪಾಯಿಂಟೇ ಅನ್ಸ್ತು.

ಕಾಪಿರೈಟ್ ಪದಾನೂ ಕೇಳ್ಬಿಡ್ತೀನಿ. ‘ಗ್ರಂಥಸ್ವಾಮ್ಯ’ ಅಂದ್ರೆ ಹಾಡು, ಫೋಟೋ, ಸಿನಿಮಾ, ಸಾಫ್ಟ್‌ವೇರ್ ಹೊರಗುಳಿಯುತ್ತೆ, ‘ಕೃತಿಸ್ವಾಮ್ಯ’ ವಾಸಿ. ಆದ್ರೆ ಎರಡರಲ್ಲೂ ‘ಸ್ವಾಮ್ಯ’ ಇದೆಯಲ್ಲ, ಅದೇ ತೊಡಕು, ಒಬ್ರು ಟೀಚರ್ “ಅವೆನ್ಯೂ ರೋಡಲ್ಲಿ ನಾನೇ ದುಡ್ಡು ಕೊಟ್ಟು ತಗೊಂಡಿರೋ ಪುಸ್ತಕ ಕಣ್ರೀ, ಸ್ವಾಮ್ಯ ನಂದೇ ಅಲ್ವಾ?” ಅಂತ ಕೇಳಿದ್ರು. ಪ್ರತಿ ನಿಮ್ದು, ಪ್ರತಿ ಮಾಡೋ ಹಕ್ಕು ಬರೆದವ್ರದ್ದು ಅಂತ ಬಿಡಿಸಿ ಹೇಳ್ಬೇಕಾಯ್ತು. ಹಾಗಂದ್ಮೇಲೆ ‘ಪ್ರತಿಹಕ್ಕು’ ಅಂತ ಯಾರಾದ್ರೂ ಬಳಸಿದೀರಾ? ಪ್ರತಿವಾದಿ, ಪ್ರತಿಪಕ್ಷದ ಥರ ಎದುರು ಹಕ್ಕು ಅನ್ನಿಸಿಬಿಡುತ್ತೇನೋ ಅಂತ ಹೆದರಿಕೆ.

ಕೊನೇದು ಪಬ್ಲಿಕ್ ಡೊಮೇನ್, ಅಂದ್ರೆ ಕಾಪಿರೈಟ್ ಅವಧಿ ಮುಗಿದು ಕೃತಿ ಎಲ್ರದ್ದೂ ಆಗೋದು. ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಎಣಿಸ್ಬೇಕು. ಕುವೆಂಪು ತೀರಿಕೊಂಡಿದ್ದು 1994ರಲ್ಲಿ, ಅಂದ್ರೆ ಅವರು ಬದುಕಿದ್ದಾಗ ಅಚ್ಚಾದದ್ದಕ್ಕೆಲ್ಲ 2054ರ ಕೊನೇವರೆಗೂ ಹಕ್ಕು ಇರುತ್ತೆ, ಆಮೇಲೆ ಎಲ್ರದ್ದು. ಈ ಎಲ್ರದ್ದು ಆಗೋದಕ್ಕೆ ‘ಸಾರ್ವಜನಿಕ ವಲಯ’ ಅಂತ ಬರೆದಿರೋದು ನೋಡಿದೀನಿ, ಬೆಂಗಳೂರಲ್ಲಿ ಹಾಗಂದ್ರೆ ಎಚ್‌ಎಎಲ್, ಬಿಇಎಲ್ ಬಸ್ಸು ಕಣ್ಮುಂದೆ ಬರುತ್ತೆ. ‘ಹಕ್ಕುಮುಕ್ತ’ ಹೇಗಿದೆ?

ಬೋರ್ಡ್ ಬರೆಯೋರು ಸೋಮವಾರ ಬರ್ತಾರೆ, ಹಲಗೆ ಎರಡಡಿ ಅಗಲ, ನಾಲ್ಕು ಸಾಲು ಹಿಡಿಯುತ್ತೆ. ‘ಹಿತಮಿತ’ ಬೇಡ ಅನ್ನೋರು ಭಾನುವಾರದೊಳಗೆ ಬೇರೆ ಪದ ಕೊಟ್ಬಿಡಿ. ಸೈನ್ಸ್ ಮೇಷ್ಟ್ರು ಗೈಡು ಇನ್ನೂ ನನ್ನ ಟೇಬಲ್ ಮೇಲೇ ಇಟ್ಟು ಹೋಗಿದಾರೆ.