ಪಿಟ್ಯುಟರಿ ಗಡ್ಡೆಗೆ ಮಾತ್ರೆ ಶುರುವಾದ ಮೇಲೆ ಮೂಗಿನಿಂದ ನೀರು: ಇದು ನೆಗಡೀನಾ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನಮ್ಮ ಅಣ್ಣನಿಗೆ ಮೆದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿಯಲ್ಲಿ ದೊಡ್ಡ ಗಡ್ಡೆ ಇದೆ, ಪ್ರೊಲ್ಯಾಕ್ಟಿನೋಮಾ, ಅಂದರೆ ಪ್ರೊಲ್ಯಾಕ್ಟಿನ್ ಅನ್ನೋ ಹಾರ್ಮೋನನ್ನು ಜಾಸ್ತಿ ಮಾಡುವ ಗಡ್ಡೆ ಅಂದಿದ್ದಾರೆ. ಎರಡು ತಿಂಗಳಿಂದ ಅದನ್ನು ಕುಗ್ಗಿಸುವ ಕ್ಯಾಬರ್ಗೋಲಿನ್ ಮಾತ್ರೆ ತಗೊಳ್ತಿದ್ದಾನೆ. ರಕ್ತದಲ್ಲಿ ಪ್ರೊಲ್ಯಾಕ್ಟಿನ್ ಚೆನ್ನಾಗಿ ಇಳಿದಿದೆ. ಆದರೆ ಒಂದು ವಾರದಿಂದ ಶೂ ಲೇಸ್ ಕಟ್ಟಲು ಬಗ್ಗಿದರೆ ಸಾಕು, ಬಲ ಮೂಗಿನಿಂದ ತಿಳಿನೀರು ತೊಟ್ಟಿಕ್ಕುತ್ತದೆ. ಸೀನಿಲ್ಲ, ಜ್ವರವಿಲ್ಲ. ನೆಗಡಿ ಮಾತ್ರೆ ಕೊಟ್ಟರೂ ನಿಂತಿಲ್ಲ. ಗಡ್ಡೆ ಕರಗುತ್ತಿರುವಾಗ ಇದೇನು ಹೊಸದು?

ಉತ್ತರ: ಗಡ್ಡೆ ಕರಗುತ್ತಿರುವುದರಿಂದಲೇ ಹೀಗಾಗಿರಬಹುದು. ಪಿಟ್ಯುಟರಿ ಕೂತಿರುವ ಮೂಳೆಯ ಗುಳಿಯ ಕೆಳಗೇ ಮೂಗಿನ ಹಿಂದಿನ ಸೈನಸ್, ಅಂದರೆ ಮೂಳೆಯೊಳಗಿನ ಗಾಳಿಗೂಡು ಇದೆ. ದೊಡ್ಡ ಗಡ್ಡೆ ಆ ಮೂಳೆಯನ್ನೂ ಮೆದುಳಿನ ಪೊರೆಯನ್ನೂ ತಿಂದು ತೂತು ಮಾಡಿ, ಆ ತೂತಿಗೆ ತಾನೇ ಬಿರಡೆಯಂತೆ ಕೂತಿರುತ್ತದೆ. ಮಾತ್ರೆಯಿಂದ ಅದು ಕುಗ್ಗಿದಾಗ ದಾರಿ ತೆರೆದು, ಮೆದುಳು ಮತ್ತು ಬೆನ್ನುಹುರಿಯ ಸುತ್ತ ಇರುವ ದ್ರವ ಮೂಗಿಗೆ ಇಳಿಯುತ್ತದೆ.

ಒಂದೇ ಹೊಳ್ಳೆ, ಬಗ್ಗಿದಾಗ ಜಾಸ್ತಿ, ಗಂಟಲಲ್ಲಿ ಉಪ್ಪು ರುಚಿ: ಇವು ಅದರ ಲಕ್ಷಣ. ಸಿಂಬಳ ಒಣಗಿದ ಕರ್ಚೀಫು ಗಡುಸಾಗುತ್ತದೆ, ಈ ನೀರು ಒಣಗಿದರೆ ಹಾಗಾಗುವುದಿಲ್ಲ. ಆದರೂ ಇದೆಲ್ಲ ಸುಳಿವು ಮಾತ್ರ. ನೀರನ್ನು ಶುದ್ಧ ಡಬ್ಬಿಯಲ್ಲಿ ಹಿಡಿದು ಬೀಟಾ-2 ಟ್ರಾನ್ಸ್‌ಫೆರಿನ್ (ಮೆದುಳಿನ ದ್ರವದಲ್ಲಿದ್ದು ಸಿಂಬಳದಲ್ಲಿ ಇಲ್ಲದ ಪ್ರೋಟೀನ್) ಪರೀಕ್ಷೆಗೆ ಕೊಟ್ಟರೆ ಖಚಿತವಾಗುತ್ತದೆ. ತೂತು ಎಲ್ಲಿದೆ ಅಂತ ಸಿಟಿ ಮತ್ತು ಎಂಆರ್‌ಐ ತೋರಿಸುತ್ತವೆ.

ದಯವಿಟ್ಟು ಕಾಯಬೇಡಿ, ಇವತ್ತೇ ನರಶಸ್ತ್ರಚಿಕಿತ್ಸೆ ವಿಭಾಗ ಇರುವ ಆಸ್ಪತ್ರೆಗೆ ಹೋಗಿ. ನೀರು ಹೊರಬರುವ ದಾರಿಯಲ್ಲೇ ಸೋಂಕು ಒಳಗೆ ಹೋಗಿ ಮೆದುಳಿನ ಪೊರೆಯ ಉರಿಯೂತ, ಅಂದರೆ ಮೆನಿಂಜೈಟಿಸ್ ಆಗಬಹುದು. ಜ್ವರ, ಜೋರು ತಲೆನೋವು, ಕುತ್ತಿಗೆ ಬಿಗಿತ, ವಾಂತಿ, ಮಂಪರು ಕಂಡರೆ ರಾತ್ರಿಯಾದರೂ ಸರಿ, ನೇರ ಎಮರ್ಜೆನ್ಸಿಗೆ ಹೋಗಿ. ಅಲ್ಲಿಯವರೆಗೆ ಮೂಗು ಸೀದಬಾರದು, ಭಾರ ಎತ್ತಬಾರದು, ಮಲವಿಸರ್ಜನೆಗೆ ತಿಣುಕಬಾರದು. ಮಲಗುವಾಗ ತಲೆ ಸ್ವಲ್ಪ ಎತ್ತರದಲ್ಲಿರಲಿ.

ಪ್ರಶ್ನೆ: ಹಾಗಾದ್ರೆ ಕ್ಯಾಬರ್ಗೋಲಿನ್ ಇವತ್ತೇ ನಿಲ್ಲಿಸಿಬಿಡೋಣವಾ? ಆಪರೇಷನ್‌ಗೆ ತಲೆಬುರುಡೆ ತೆರೀತಾರಾ? ಅಮ್ಮ ತುಂಬಾ ಹೆದರಿದ್ದಾರೆ.

ಉತ್ತರ: ನೀವಾಗಿ ನಿಲ್ಲಿಸಬೇಡಿ. ಬಿಟ್ಟರೆ ಗಡ್ಡೆ ಮತ್ತೆ ಬೆಳೆದು ಕಣ್ಣಿನ ನರವನ್ನು ಒತ್ತಬಹುದು. ಮಾತ್ರೆ ಏನು ಮಾಡಬೇಕು ಅನ್ನುವುದನ್ನು ಹಾರ್ಮೋನ್ ತಜ್ಞರೂ ಸರ್ಜನ್ನರೂ ಸೇರಿ ಹೇಳಲಿ.

ಈ ತರಹದ ಸೋರಿಕೆ ತಾನಾಗಿ ನಿಲ್ಲುವುದು ಕಡಿಮೆ, ಸಾಮಾನ್ಯವಾಗಿ ಆಪರೇಷನ್ ಬೇಕಾಗುತ್ತದೆ. ಆದರೆ ಹೆಚ್ಚಿನವರಿಗೆ ತಲೆಬುರುಡೆ ತೆರೆಯುವುದಿಲ್ಲ ಅಂತ ಅಮ್ಮನಿಗೆ ಹೇಳಿ. ಮೂಗಿನ ಮೂಲಕವೇ ಎಂಡೋಸ್ಕೋಪ್ ಹಾಕಿ, ಹೊಟ್ಟೆಯ ಕೊಬ್ಬು ಅಥವಾ ತೊಡೆಯ ಪೊರೆಯ ತುಂಡಿಟ್ಟು ತೂತು ಮುಚ್ಚುತ್ತಾರೆ. ಅದರ ಮೇಲೆ ಮೂಗಿನ ನಡುಗೋಡೆಯ ಒಳಪದರವನ್ನೇ ತಿರುಗಿಸಿ ಹೊದಿಸುತ್ತಾರೆ. ಅದಕ್ಕೆ ರಕ್ತ ಹರಿಯುತ್ತಲೇ ಇರುವುದರಿಂದ ಚೆನ್ನಾಗಿ ಅಂಟಿಕೊಳ್ಳುತ್ತದೆ. ಹೋಗುವಾಗ ಹಳೆಯ ಎಂಆರ್‌ಐ ಫಿಲ್ಮುಗಳನ್ನೂ ತಗೊಂಡು ಹೋಗಿ, ಗಡ್ಡೆ ಎಷ್ಟು ಕುಗ್ಗಿದೆ ಅಂತ ಹೋಲಿಸಿ ನೋಡಲು ಅವು ಬೇಕು.